ಬ್ರೇಕ್ ಕಿರುಗುಟ್ಟಿದರೆ ಎಣ್ಣಿ ಬಿಡಬ್ಯಾಡ್ರಿ!

ಜುಬಿಲಿ ಸರ್ಕಲ್ ಹತ್ತಿರ ಕಾರು ನಿಲ್ಲುವಾಗ ‘ಕೀಂಯ್’ ಅಂತ ಸಪ್ಪಳ ಬಂದರೆ ನಾಲ್ಕು ಮಂದಿ ತಿರುಗಿ ನೋಡ್ತಾರ. ಹಿಂದೆ ಕೂತ ಗೆಳೆಯ ಸಲಹೆ ಕೊಡ್ತಾನ: “ಸ್ವಲ್ಪ ಎಣ್ಣಿ ಬಿಡಲೇ, ಸುಮ್ನಾಗ್ತದ.” ಸುಮ್ಮನಾಗ್ತದ, ಖರೆ. ಆದರೆ ಕಾರೂ ನಿಲ್ಲೋದಿಲ್ಲ. ಬಾಗಿಲಿನ ಕೀಲಿಗೆ ಘರ್ಷಣೆ ಶತ್ರು. ಬ್ರೇಕಿಗೆ ಅದೇ ಜೀವ.

ಸಪ್ಪಳ ಹುಟ್ಟೋದು ಹೆಂಗ?

ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಇರುತ್ತದೆ. ಪೆಡಲ್ ಒತ್ತಿದಾಗ ಕ್ಯಾಲಿಪರ್ ಎರಡು ಪ್ಯಾಡ್‌ಗಳನ್ನು ತಿರುಗುವ ಡಿಸ್ಕಿಗೆ ಅದುಮುತ್ತದೆ. ಒಂದು ಟನ್ ತೂಕದ ಕಾರು ಗಂಟೆಗೆ 72 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ 200 ಕಿಲೋಜೂಲ್. ಅರ್ಧ ಲೀಟರ್ ನೀರು ಕುದಿಸಲು ಸಾಕಾಗುವಷ್ಟು. ಅದರಲ್ಲಿ ಬಹುಪಾಲು ಶಾಖವಾಗುತ್ತದೆ. ಅತಿ ಸಣ್ಣ ಪಾಲು ಕಂಪನಕ್ಕೆ ಹೋದರೂ ಕಿವಿ ಚುಚ್ಚುತ್ತದೆ.

ಸಾರಂಗಿಯ ಕಮಾನು ತಂತಿಗೆ ಅಂಟಿ, ಜಾರಿ, ಮತ್ತೆ ಅಂಟಿದ ಹಾಗೆ ಪ್ಯಾಡ್ ಕೂಡ ಡಿಸ್ಕಿನ ಮೇಲೆ ಅಂಟಿ ಜಾರಬಹುದು. ಇನ್ನೊಂದು ದಾರಿ ಮೋಡ್ ಕಪ್ಲಿಂಗ್: ಎರಡು ಸಹಜ ಕಂಪನಾಂಕಗಳು ಹತ್ತಿರ ಬಂದಾಗ ಘರ್ಷಣೆ ಅವನ್ನು ಜೋಡಿಸಿ ಕಂಪನವನ್ನು ಬೆಳೆಸುತ್ತಾ ಹೋಗುತ್ತದೆ. ಡಿಸ್ಕ್ ಸ್ಪೀಕರ್ ಆಗಿಬಿಡ್ತದ. ಅಂದರೆ ಸಪ್ಪಳ ಬಂದ ಮಾತ್ರಕ್ಕೆ ಬ್ರೇಕ್ ಕೆಟ್ಟಿದೆ ಅಂತಲ್ಲ. ಸಪ್ಪಳ ಇಲ್ಲ ಅಂದರೆ ಚಲೋ ಇದೆ ಅಂತಲೂ ಅಲ್ಲ.

“ಯಾವಾಗ ಬರ್ತದ್ರಿ?”

ಒಳ್ಳೆಯ ಮೆಕ್ಯಾನಿಕ್ ಮೊದಲು ಕೇಳುವ ಪ್ರಶ್ನೆ ಇದು. ನಾವೂ ಅಲ್ಲಿಂದಲೇ ಶುರು ಮಾಡೋಣ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಎರಡು-ಮೂರು ಸಲ ಕಿರುಗುಟ್ಟಿ ಸುಮ್ಮನಾದರೆ, ಅದು ಎರಕದ ಕಬ್ಬಿಣದ ಡಿಸ್ಕಿನ ಮೇಲಿನ ತೆಳು ತುಕ್ಕು. ಚಿಂತಿ ಬ್ಯಾಡ.

ಸಪ್ಪಳ ದಿನವೂ ಬಿಡದೆ ಬರುತ್ತಿದ್ದರೆ ಪ್ಯಾಡ್ ನೋಡಿ. ಕೆಲವು ಪ್ಯಾಡ್‌ಗಳಲ್ಲಿ ಸಣ್ಣ ಉಕ್ಕಿನ ಪಟ್ಟಿ ಇರುತ್ತದೆ. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಕೂಗಲೆಂದೇ ಅದನ್ನು ಇಟ್ಟಿರುತ್ತಾರೆ. ಕೀಂಯ್ ಹೋಗಿ ‘ಗರಗರ’ ಶುರುವಾದರೆ ಉಕ್ಕಿನ ಹಿಂಬದಿ ತಟ್ಟೆಯೇ ಡಿಸ್ಕನ್ನು ಉಜ್ಜುತ್ತಿರಬಹುದು. ಕಾರು ಓಡಿಸಬೇಡಿ.

ಪ್ಯಾಡ್ ದಪ್ಪಗಿದ್ದೂ ಮೆಲ್ಲಗೆ ಒತ್ತಿದಾಗ ಕೂಗಿದರೆ ಧೂಳು, ಹೊಳಪುಗಟ್ಟಿದ ಪ್ಯಾಡ್, ಸಡಿಲವಾದ ಶಿಮ್ ಅಥವಾ ಒಣಗಿದ ಸ್ಲೈಡ್ ಪಿನ್ ಕಾರಣ ಇರಬಹುದು. ಒಂದೇ ಕ್ಯಾಲಿಪರ್‌ನ ಎರಡು ಪ್ಯಾಡ್‌ಗಳಲ್ಲಿ ಒಂದು ಹೆಚ್ಚು ಸವೆದಿದ್ದರೆ ಪಿನ್ ಮೇಲೆ ಅನುಮಾನ ಪಡಿ.

ರಿಪೇರಿ

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಜಾಕ್ ಜೊತೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಬೇಡಿ. ಪ್ಯಾಡಿನ ಘರ್ಷಣಾ ಪದರ 3 ಮಿ.ಮೀ.ಗೆ ಇಳಿದಿದ್ದರೆ ಎರಡೂ ಬದಿಯ ಗಾಲಿಗಳಿಗೆ ಹೊಸ ಪ್ಯಾಡ್ ಹಾಕಿ. ಕ್ಯಾಲಿಪರನ್ನು ಹೋಸಿಗೆ ಜೋತು ಬಿಡದೆ ತಂತಿಯಿಂದ ಕಟ್ಟಿ. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದು. ಬ್ರೇಕ್ ಕ್ಲೀನರ್ ಬಳಸಿ, ಒದ್ದೆ ಬಟ್ಟೆಯಿಂದ ಒರೆಸಿ.

ಬ್ರೇಕಿಗೆಂದೇ ಸಿಗುವ, ಬಿಸಿ ತಡೆಯುವ ಗ್ರೀಸನ್ನು ಪ್ಯಾಡಿನ ಬೆನ್ನಿಗೆ ತೆಳ್ಳಗೆ ಹಚ್ಚಿ. ಸ್ಲೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸ್. ಉಜ್ಜುವ ಮುಖಕ್ಕೆ ಒಂದು ಹನಿಯೂ ತಾಗಬಾರದು. ಎಣ್ಣೆ ಹೀರಿದ ಪ್ಯಾಡನ್ನು ಒರೆಸಿ ಉಳಿಸೋಕಾಗಲ್ಲ, ಬದಲಿಸಲೇಬೇಕು.

ಕೊನೆಗೆ, ಗಾಡಿ ಸರಿಸುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಿ. ಹೊಸ ಪ್ಯಾಡಿಗಾಗಿ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೇವಲ್ಲ, ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟಬಹುದು. ಆಮೇಲೂ ಪೆಡಲ್ ಮೆತ್ತಗಿದ್ದರೆ, ಅಥವಾ ಕಾರು ಒಂದು ಬದಿಗೆ ಎಳೆದರೆ, ಬೈಪಾಸ್ ಕಡೆ ಹೋಗಬೇಡಿ. ಮೆಕ್ಯಾನಿಕ್ಕನ್ನೇ ಗಾಡಿ ಇದ್ದಲ್ಲಿಗೆ ಕರೆಸಿ.