ಘಮಘಮಿಸುವುದೆಲ್ಲ ಶುದ್ಧವಲ್ಲ



ರೋಗಿ ಅಥವಾ ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬರುವ ದಿನ ನಾವು ಸುವಾಸನೆಯ ಫಿನಾಯಿಲ್ ಹಾಕಿ ನೆಲ ಒರೆಸುತ್ತೇವೆ, ಊದಿನಕಡ್ಡಿ ಹಚ್ಚುತ್ತೇವೆ, ಟ್ರಂಕಿನಲ್ಲಿಟ್ಟ ಒಳ್ಳೆಯ ಕೌದಿ ತೆಗೆದು ಹಾಸುತ್ತೇವೆ. ಇದೆಲ್ಲ ಪ್ರೀತಿಯಿಂದ ಮಾಡುವ ಕೆಲಸ. ಆದರೆ ದಮ್ಮಿನ ರೋಗಿಗೆ ಮತ್ತು ಹಸುಗೂಸಿಗೆ ಇದರಿಂದಲೇ ತೊಂದರೆಯಾಗಬಹುದು. ಹೇಗೆಂದು ತಿಳಿದುಕೊಳ್ಳೋಣ.

ಸುವಾಸನೆ ಎಲ್ಲಿಂದ ಬರುತ್ತದೆ?

ವಾಸನೆ ಎಂಬುದು ಗಾಳಿಯಲ್ಲಿ ಬೆರೆತ ವಸ್ತು. ಉಸಿರಿನ ಜೊತೆ ಅದು ಶ್ವಾಸಕೋಶವನ್ನು ಸೇರುತ್ತದೆ. ಸಾಬೂನು, ಪೌಡರ್, ತಲೆಎಣ್ಣೆ, ಸೆಂಟು, ಬಟ್ಟೆ ತೊಳೆಯುವ ಪುಡಿ ಇವುಗಳಲ್ಲಿರುವ ಮಲ್ಲಿಗೆ, ಗುಲಾಬಿ, ನಿಂಬೆಯ ವಾಸನೆ ಹೆಚ್ಚಾಗಿ ಹೂವು ಹಣ್ಣಿನದಲ್ಲ. ಕಾರ್ಖಾನೆಯಲ್ಲಿ ಹಲವಾರು ರಾಸಾಯನಿಕಗಳನ್ನು ಕೂಡಿಸಿ ಮಾಡಿದ್ದು. ಚೀಟಿಯ ಮೇಲೆ ಮಾತ್ರ "ಪರ್ಫ್ಯೂಮ್" ಅಥವಾ "ಫ್ರೇಗ್ರೆನ್ಸ್" ಎಂಬ ಒಂದೇ ಪದವಿರುತ್ತದೆ. ಯುರೋಪಿನ ದೇಶಗಳು 2003ರ ಕಾನೂನಿನಲ್ಲಿ ಅಲರ್ಜಿ ತರುವ 26 ವಾಸನಾ ದ್ರವ್ಯಗಳ ಹೆಸರನ್ನು ಚೀಟಿಯ ಮೇಲೆ ಬರೆಯಬೇಕೆಂದು ವಿಧಿಸಿದವು. 2023ರಲ್ಲಿ ಆ ಪಟ್ಟಿ 80ನ್ನು ದಾಟಿತು.

ಯಾರಿಗೆ ಏನು ತೊಂದರೆ?

ದಮ್ಮು ಇರುವವರಿಗೆ: ಘಾಟು ವಾಸನೆ ಮತ್ತು ಹೊಗೆಯಿಂದ ಶ್ವಾಸನಾಳಗಳು ಬಿಗಿಯುತ್ತವೆ. ಕೆಮ್ಮು ಮತ್ತು ಉಬ್ಬಸ ಹೆಚ್ಚುತ್ತವೆ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಹತ್ತಿಯ ಧೂಳು ಕುಡಿದವರು, ಬೆಲ್ಲದ ಗಾಣದಲ್ಲಿ ಹೊಗೆ ಕುಡಿದವರು, ಕಟ್ಟಿಗೆ ಒಲೆಯ ಮುಂದೆ ಅಡುಗೆ ಮಾಡಿದ ತಾಯಂದಿರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು.

ಚರ್ಮಕ್ಕೆ: ಕಂಕುಳು, ಕುತ್ತಿಗೆ, ಮುಖ, ಕೈಗಳಲ್ಲಿ ತುರಿಕೆ ಮತ್ತು ಗಂದೆ ಏಳಬಹುದು. ವರ್ಷಗಟ್ಟಲೆ ಬಳಸಿದ ವಸ್ತುವಿನಿಂದಲೂ ಒಮ್ಮೆ ಅಲರ್ಜಿ ಶುರುವಾಗಬಹುದು. ಶುರುವಾದ ಮೇಲೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆ ವಸ್ತುವನ್ನು ಬಿಡುವುದೇ ಮುಖ್ಯ ಉಪಾಯ.

ತಲೆಗೆ: ಅರೆತಲೆನೋವು ಇರುವ ಅನೇಕರಿಗೆ ಸೆಂಟಿನ ವಾಸನೆಯಿಂದಲೇ ನೋವು ಏಳುತ್ತದೆ.

ಹಸುಗೂಸಿಗೆ: ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿ ಲೋಬಾನದ ಹೊಗೆ ಹಾಕುವ ರೂಢಿ ನಮ್ಮಲ್ಲಿದೆ. ಕೂಸಿನ ಶ್ವಾಸನಾಳಗಳು ಬಹಳ ಸಣ್ಣವು. ಹೊಗೆ ಅದಕ್ಕೆ ಒಳ್ಳೆಯದಲ್ಲ. ಇದಕ್ಕಿಂತ ಅಪಾಯದ್ದು ಟ್ರಂಕಿನ ಡಾಂಬರ ಗುಳಿಗೆ, ಅಂದರೆ ನ್ಯಾಫ್ತಲೀನ್ ಗುಳಿಗೆ. ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಇದು ಹೊರಗಿನಿಂದ ಕಾಣುವುದಿಲ್ಲ. ಅಂಥ ಕೂಸನ್ನು ಆ ಗುಳಿಗೆಯ ವಾಸನೆ ಇರುವ ಬಟ್ಟೆಯಲ್ಲಿ ಸುತ್ತಿದರೆ ರಕ್ತಕಣಗಳು ಒಡೆದು ಕಾಮಾಲೆ ಏರುತ್ತದೆ. ಕಾಮಾಲೆ ತೀವ್ರವಾದರೆ ಮಿದುಳಿಗೇ ಪೆಟ್ಟು ಬೀಳುತ್ತದೆ.

ಪೂಜೆಗೆ ಊದಿನಕಡ್ಡಿ ಬೇಡವೇ?

ಊದಿನಕಡ್ಡಿಯಿಂದ ವಾಸನೆಯ ಜೊತೆಗೆ ಹೊಗೆಯೂ ಬರುತ್ತದೆ. ಭಾರತೀಯ ಮಾನಕ ಬ್ಯೂರೋ 2025ರಲ್ಲಿ ಊದಿನಕಡ್ಡಿಗಾಗಿಯೇ ಐಎಸ್ 19412 ಎಂಬ ಮಾನದಂಡ ಹೊರಡಿಸಿತು. ಅದರಲ್ಲಿ ಕೆಲವು ಕೀಟನಾಶಕಗಳನ್ನೂ ಕೆಲವು ಕೃತಕ ವಾಸನಾ ದ್ರವ್ಯಗಳನ್ನೂ ನಿಷೇಧಿಸಲಾಗಿದೆ. ಕೊಳ್ಳುವಾಗ ಮಾನಕದ ಗುರುತು ಇದೆಯೇ ನೋಡಿರಿ. ಗುರುತಿದ್ದರೂ ಹೊಗೆ ಹೊಗೆಯೇ ಎಂಬುದನ್ನು ಮರೆಯಬೇಡಿರಿ.

ಅಷ್ಟವಿಧಾರ್ಚನೆಯಲ್ಲಿ ಧೂಪವೂ ಉಂಟು, ನಿಜ. ಆದರೆ ವಿಭೂತಿ, ನೀರು, ಪತ್ರಿ, ಹೂವು ಇದ್ದರೂ ಇಷ್ಟಲಿಂಗಪೂಜೆ ನಡೆಯುತ್ತದೆ. ರೋಗಿಯ ಕೋಣೆಯಲ್ಲಿ ಹೊಗೆ ಬಿಟ್ಟ ಮಾತ್ರಕ್ಕೆ ಭಕ್ತಿಗೆ ಕೊರತೆಯಾಗದು. ಉಸಿರಾಡಲು ಕಷ್ಟಪಡುವವರಿಗೆ ಒಳ್ಳೆಯ ಗಾಳಿ ಕೊಡುವುದೂ ದಯೆಯ ಕೆಲಸವೇ.

ನೀವು ಮಾಡಬೇಕಾದದ್ದು

1. ರೋಗಿ ಮತ್ತು ಕೂಸಿನ ಕೋಣೆಯಲ್ಲಿ ಊದಿನಕಡ್ಡಿ, ಲೋಬಾನ, ಸೊಳ್ಳೆಬತ್ತಿ, ಸೆಂಟು ಬೇಡ. ಸೊಳ್ಳೆಗೆ ಪರದೆ ಕಟ್ಟಿರಿ.
2. ಕೆಟ್ಟ ವಾಸನೆ ಬಂದರೆ ಅದರ ಮೇಲೆ ಸುವಾಸನೆ ಸಿಂಪಡಿಸಬೇಡಿರಿ. ಹೊಲಸನ್ನು ತೆಗೆದು, ಕಿಟಕಿ ತೆರೆಯಿರಿ.
3. ಕೂಸಿನ ಬಟ್ಟೆ, ಕೌದಿಗಳಲ್ಲಿ ಡಾಂಬರ ಗುಳಿಗೆ ಇಡಲೇಬೇಡಿರಿ. ತೊಳೆದು ಬಿಸಿಲಿಗೆ ಒಣಗಿಸಿ, ಒಣಗಿದ ಬೇವಿನ ಎಲೆ ಇಟ್ಟರೆ ಸಾಕು.
4. ಕೂಸಿಗೆ ಪೌಡರ್, ಸೆಂಟಿನ ಎಣ್ಣೆ ಬೇಡ.
5. ತುರಿಕೆ ಇದ್ದರೆ ವಾಸನೆಯಿಲ್ಲದ ಸಾಬೂನು ಬಳಸಿರಿ. "ನೈಸರ್ಗಿಕ" ಎಂದು ಬರೆದಿದ್ದರೂ ಅಲರ್ಜಿ ಆಗಬಹುದು.
6. ವಾರ್ಡಿಗೆ ಬರುವಾಗ ಅತ್ತರು, ಸೆಂಟು ಹಚ್ಚಿಕೊಂಡು ಬರಬೇಡಿರಿ. ಪಕ್ಕದ ಹಾಸಿಗೆಯಲ್ಲಿ ದಮ್ಮಿನ ರೋಗಿ ಇರಬಹುದು.

ಕೂಡಲೇ ಆಸ್ಪತ್ರೆಗೆ ಬನ್ನಿರಿ

ಮಾತು ಪೂರ್ತಿ ಆಡಲಾಗದಷ್ಟು ದಮ್ಮು ಬಂದರೆ, ತುಟಿ ನೀಲಿಯಾದರೆ, ಪಂಪು ಎಳೆದುಕೊಂಡರೂ ಉಬ್ಬಸ ಇಳಿಯದಿದ್ದರೆ ತಡಮಾಡಬೇಡಿರಿ. ಕೂಸಿನ ಕಣ್ಣು, ಮೈ ಹಳದಿಯಾದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಮೊಲೆ ಹಿಡಿಯದಿದ್ದರೆ ರಾತ್ರಿಯಾದರೂ ಕರೆತನ್ನಿರಿ. ಡಾಂಬರ ಗುಳಿಗೆ ಇಟ್ಟ ಬಟ್ಟೆ ಬಳಸಿದ್ದರೆ ವೈದ್ಯರಿಗೆ ತಪ್ಪದೇ ಹೇಳಿರಿ.

ಲೋಬಾನ ಬೇಡವೆಂದು ಅತ್ತೆಗೆ ಹೇಳಲು ಸೊಸೆಗೆ ಸಂಕೋಚವಾಗಬಹುದು. ಅತ್ತರು ಹಚ್ಚಿಕೊಂಡು ಬಂದ ಕಾಕಾನವರಿಗೆ ಹೇಳುವುದೂ ಕಷ್ಟವೇ. ಆಗ ಈ ಹಾಳೆಯನ್ನು ಅವರ ಕೈಗೆ ಕೊಡಿರಿ, "ಡಾಕ್ಟರು ಹೇಳ್ಯಾರ್ರೀ" ಅನ್ನಿರಿ. ಹಿರಿಯರು ಮನೆಯವರ ಹಿತವನ್ನೇ ಬಯಸುವವರು. ಕಾರಣ ತಿಳಿದರೆ ಖಂಡಿತ ಒಪ್ಪುತ್ತಾರೆ.

ಎಲ್ಲರ ಮನೆಯಲ್ಲೂ ಶುದ್ಧ ಗಾಳಿ, ಆರೋಗ್ಯ ನೆಲೆಸಲಿ.