ಡೊರೊಥಿಯಾ ಲ್ಯಾಂಗ್
ಡೊರೊಥಿಯಾ ಲ್ಯಾಂಗ್ (26 ಮೇ 1895 – 11 ಅಕ್ಟೋಬರ್ 1965) ಭಾವಚಿತ್ರ ಹಾಗೂ ದಾಖಲಾತ್ಮಕ ಛಾಯಾಗ್ರಹಣಕ್ಕೆ ಹೆಸರಾದ ಅಮೆರಿಕದ ಛಾಯಾಗ್ರಾಹಕಿ.

1919ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟುಡಿಯೊ ತೆರೆದು ಸಿರಿವಂತರ ಭಾವಚಿತ್ರಗಳನ್ನು ತೆಗೆಯುತ್ತಿದ್ದ ಅವರು, ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ನಿರುದ್ಯೋಗಿಗಳ ಬವಣೆಯನ್ನು ಸೆರೆಹಿಡಿಯಲು ಬೀದಿಗಿಳಿದರು. 1935ರಿಂದ ಸರ್ಕಾರಕ್ಕಾಗಿ ವಲಸೆ ಕೃಷಿಕಾರ್ಮಿಕರ ಬದುಕನ್ನು ದಾಖಲಿಸಿದರು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ, ಬಟಾಣಿ ಕೊಯ್ಲುಗಾರರ ಬಿಡಾರದಲ್ಲಿ ತೆಗೆದ ‘ಮೈಗ್ರಂಟ್ ಮದರ್’ ಅವರ ಅತ್ಯಂತ ಪ್ರಸಿದ್ಧ ಚಿತ್ರ. ಆ ಸರಣಿಯ ಚಿತ್ರಗಳು ಪತ್ರಿಕೆಯಲ್ಲಿ ಪ್ರಕಟವಾದ ಬಳಿಕ ಬಿಡಾರಕ್ಕೆ ಸರ್ಕಾರದ ಆಹಾರ ನೆರವು ತಲುಪಿತು.

1942ರಲ್ಲಿ ಜಪಾನಿ ಮೂಲದ ಅಮೆರಿಕನ್ನರ ಬಲವಂತದ ಸ್ಥಳಾಂತರವನ್ನು ಚಿತ್ರಿಸಲೂ ಸರ್ಕಾರವೇ ಅವರನ್ನು ನೇಮಿಸಿತು. ಆದರೆ ಆ ಕ್ರಮದ ಅನ್ಯಾಯವನ್ನು ತೋರಿಸುತ್ತಿದ್ದ ಹಲವು ಚಿತ್ರಗಳನ್ನು ಸೇನೆಯು ಯುದ್ಧ ಮುಗಿಯುವವರೆಗೂ ತಡೆಹಿಡಿಯಿತು.