ಸ್ಕೂಟರಾ, ಬೈಕಾ? ಘಟ್ಟದ ಮೇಲಿನ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಬಸ್ಸು ತಪ್ಪಿದರೆ ಅವತ್ತಿನ ಕಾಲೇಜು, ಕೆಲಸ ಎರಡೂ ತಪ್ಪುತ್ತೆ. ಗಾಡಿ ಬೇಕೇ ಬೇಕು. ಆದರೆ ಯಾವುದು?

ತಿಂಗಳಿಗೆ 1,000 ಕಿ.ಮೀ. ಓಡಿಸ್ತೀರಿ ಅಂದ್ಕೊಳ್ಳಿ. ಲೀಟರಿಗೆ 60 ಕೊಡುವ ಬೈಕಿಗೆ 16.7 ಲೀಟರ್ ಸಾಕು; 45 ಕೊಡುವ ಸ್ಕೂಟರಿಗೆ 22.2 ಬೇಕು. ಪೆಟ್ರೋಲಿಗೆ 100 ರೂಪಾಯಿ ಹಿಡಿದರೂ ವ್ಯತ್ಯಾಸ 550. ಮಳೆಗಾಲದ ಹೊಂಡಕ್ಕೆ ಬೈಕಿನ ದೊಡ್ಡ ಚಕ್ರವೇ ವಾಸಿ. ದೇವಿಮನೆ, ಅರಬೈಲು ಘಟ್ಟ ಇಳಿಯುವಾಗ ಗೇರಿನ ಹಿಡಿತವೂ ಸಿಗುತ್ತೆ. ಆದರೆ ಅಮ್ಮ, ತಂಗಿಯೂ ಓಡಿಸ್ತಾರೆ, ಕಾಲ ಬಳಿ ಹಿಂಡಿ ಚೀಲ ಇಡಬೇಕು ಅಂದ್ರೆ ಸ್ಕೂಟರೇ ಸರಿ.

2025ರ ಸೆಪ್ಟೆಂಬರ್ 22ರಿಂದ ಇವುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕಿಳಿದಿದೆ. ಕಂತು ಮಾತ್ರ ನಮ್ಮದೇ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಬಸ್ಸೇ ಬಾರದ ಊರಿಗೆ ಅದರಿಂದೇನು ಬಂತು? ಅಲ್ಲಿ ಸರ್ಕಾರ ಓಡಿಸದ ಬಸ್ಸಿನ ಖರ್ಚನ್ನೇ ನಾವು ಕಂತಾಗಿ ಕಟ್ಟುತ್ತಿದ್ದೇವೆ.